ಮಣ್ಣು ಹೊತ್ತವರ ವೈನ್

ಇಟಲಿಯ ಉತ್ತರ ತುದಿಯಲ್ಲಿ, ಸ್ವಿಟ್ಜರ್ಲೆಂಡಿನ ಗಡಿಗೆ ಆತುಕೊಂಡು ವಾಲ್ತೆಲ್ಲೀನ ಎಂಬ ಕಣಿವೆಯಿದೆ. ಅಲ್ಲಿನ ದ್ರಾಕ್ಷಿ ತೋಟಗಳೆಲ್ಲ ಬೆಟ್ಟದ ಒಂದೇ ಮಗ್ಗುಲಿಗೆ ಅಂಟಿಕೊಂಡಿವೆ, ಐವತ್ತು ಕಿಲೋಮೀಟರ್ ಮೀರದ ಪಟ್ಟಿಯೊಂದರಲ್ಲಿ. ಆ ತೋಟಗಳ ಮಣ್ಣು ಜಾರದಂತೆ ಹಿಡಿದು ನಿಲ್ಲಿಸಿರುವ ಕಲ್ಲುಗೋಡೆಗಳನ್ನು ಒಂದರ ಮುಂದೊಂದು ಜೋಡಿಸಿದರೆ ಸುಮಾರು 2,500 ಕಿಲೋಮೀಟರ್ ಆಗುತ್ತದೆ. ಆಲ್ಪ್ಸ್‌ನಿಂದ ಸಮುದ್ರದವರೆಗೆ ಇಟಲಿ ದೇಶದ ಉದ್ದವೇ ಇದರ ಹೆಚ್ಚುಕಡಿಮೆ ಅರ್ಧ. ಸಿಮೆಂಟಿಲ್ಲ, ಗಾರೆಯಿಲ್ಲ, ಕಲ್ಲಿನ ಮೇಲೆ ಕಲ್ಲು, ಅಷ್ಟೇ.

ವೈನಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮಣ್ಣಿನಿಂದ ಶುರುಮಾಡುತ್ತಾರೆ. ಆ ನೆಲದ ಗುಣವೇ ಬಾಟಲಿಗೆ ಇಳಿದಿದೆ ಎಂದು ಭಕ್ತಿಯಿಂದ ಹೇಳುತ್ತಾರೆ. ವಾಲ್ತೆಲ್ಲೀನದ ಮಟ್ಟಿಗೆ ಈ ಮಾತು ಸ್ವಲ್ಪ ತಡವರಿಸುತ್ತದೆ. ಏಕೆಂದರೆ ಇಲ್ಲಿ ನೆಲವೇ ಇರಲಿಲ್ಲ. ಹಿಮನದಿ ಉಜ್ಜಿ ಬೋಳಾಗಿಸಿದ ಬಂಡೆಯಿತ್ತು. ಬಂಡೆ ಒಡೆದು ಗೋಡೆ ಕಟ್ಟಿ, ಗೋಡೆಯ ಹಿಂದಿನ ಖಾಲಿ ಜಾಗಕ್ಕೆ ಕಣಿವೆಯ ತಳದಿಂದ ಬೆನ್ನಿನ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ಸುರಿದವರು ಮನುಷ್ಯರು. ತಲೆಮಾರುಗಟ್ಟಲೆ ನಡೆದ ಕೆಲಸವಿದು. ಪ್ರತಿ ವರ್ಷ ಮಳೆಗೆ ಕೊಚ್ಚಿ ಕೆಳಗಿಳಿದ ಮಣ್ಣನ್ನು ಮತ್ತೆ ಬುಟ್ಟಿಗೆ ತುಂಬಿ ಮೇಲಕ್ಕೆ ಒಯ್ಯುವುದೂ ಇದರಲ್ಲಿ ಸೇರಿತ್ತು. ಹಾಗಾಗಿ ಈ ವೈನಿನಲ್ಲಿ ಪ್ರಕೃತಿ ಎಷ್ಟು, ಮನುಷ್ಯನ ಬೆನ್ನು ಎಷ್ಟು ಎಂದು ಲೆಕ್ಕ ಹಾಕಿದರೆ ಬೆನ್ನಿನ ಪಾಲೇ ಹೆಚ್ಚು ಬರುತ್ತದೆ ಎಂದು ನನ್ನ ಅಂದಾಜು.

ಕಣಿವೆಯನ್ನು ಮಾಡಿದ್ದು ಹಿಮನದಿಯಾದರೆ ಈಗ ಅದರ ತಳದಲ್ಲಿ ಹರಿಯುವುದು ಅದ್ದಾ ನದಿ. ಪೊ ನದಿಯನ್ನು ಸೇರುವ ಉಪನದಿಗಳಲ್ಲಿ ಇದೇ ಅತಿ ಉದ್ದದ್ದು, 313 ಕಿಲೋಮೀಟರ್. ಬೋರ್ಮಿಯೊ ಪಟ್ಟಣದ ಮೇಲಿನ ಬೆಟ್ಟಗಳಲ್ಲಿ ಹುಟ್ಟಿ, ಕಣಿವೆಯುದ್ದಕ್ಕೂ ಇಳಿದು ಕೊಮೊ ಸರೋವರಕ್ಕೆ ಬಂದು, ಅಲ್ಲಿಂದ ಹೊರಬಿದ್ದು ಬಯಲು ಹಿಡಿಯುತ್ತದೆ. ಆಲ್ಪ್ಸ್‌ನ ಕಣಿವೆಗಳಲ್ಲಿ ಹಲವು ಉತ್ತರ–ದಕ್ಷಿಣವಾಗಿ ಚಾಚಿಕೊಂಡಿವೆ. ಅದ್ದಾ ನದಿಯದು ಪೂರ್ವದಿಂದ ಪಶ್ಚಿಮದ ದಾರಿ. ವೈನಿನ ಕತೆಯೆಲ್ಲ ಈ ದಿಕ್ಕಿನಲ್ಲಿ ಅಡಗಿದೆ. ಹೀಗೆ ಅಡ್ಡಲಾಗಿ ಮಲಗಿದ ಕಣಿವೆಯ ಒಂದು ಮಗ್ಗುಲು ಪೂರ್ತಿ ದಕ್ಷಿಣಕ್ಕೆ ಮುಖ ಮಾಡಿರುತ್ತದೆ. ನಲವತ್ತಾರನೇ ಅಕ್ಷಾಂಶದಲ್ಲಿ ದಕ್ಷಿಣಕ್ಕೆ ಮುಖ ಮಾಡುವುದೆಂದರೆ ಬೆಳಗಿನಿಂದ ಸಂಜೆಯವರೆಗೆ ಬಿಸಿಲನ್ನು ಎದೆಗೊಟ್ಟು ಕುಡಿಯುವುದು. ನಮ್ಮಂತೆ ಸೂರ್ಯ ನೆತ್ತಿಯ ಮೇಲೆ ಬರುವ ನಾಡಲ್ಲ ಅದು. ಬಿಸಿಲು ಓರೆಯಾಗಿ ಬೀಳುತ್ತದೆ. ಓರೆ ಬಿಸಿಲಿಗೆ ಓರೆ ಇಳಿಜಾರೇ ಸರಿಯಾದ ಪಾತ್ರೆ.

ಎದುರು ಮಗ್ಗುಲು ಒರೊಬಿ ಬೆಟ್ಟಗಳದ್ದು. ಅಲ್ಲಿ ನೆರಳು, ಚೆಸ್ಟ್‌ನಟ್ ಕಾಡು, ಬೇಸಿಗೆಯಲ್ಲಿ ದನ ಮೇಯಿಸುವ ಎತ್ತರದ ಹುಲ್ಲುಗಾವಲು. ತಳದಲ್ಲಿ ಸೇಬಿನ ತೋಟ. ಉತ್ತರದ ಮಗ್ಗುಲಲ್ಲಿ ಮಾತ್ರ ದ್ರಾಕ್ಷಿ, ಸಮುದ್ರಮಟ್ಟದಿಂದ ಸುಮಾರು 300 ಮೀಟರಿನಿಂದ ಶುರುವಾಗಿ 700ರ ಆಚೆಗೂ. ಅದರ ಬೆನ್ನಿಗೆ ರೇಟಿಕ್ ಆಲ್ಪ್ಸ್ ಗೋಡೆಯಂತೆ ನಿಂತು ಉತ್ತರದ ಕೊರೆಯುವ ಗಾಳಿಯನ್ನು ತಡೆಯುತ್ತವೆ. ಪಶ್ಚಿಮದಿಂದ, ಕೊಮೊ ಸರೋವರದ ಕಡೆಯಿಂದ, ಬ್ರೆವಾ ಎಂಬ ಗಾಳಿ ಹಗಲು ಹೊತ್ತು ಕಣಿವೆಯೊಳಗೆ ನುಗ್ಗಿ ಎಲೆ ಗೊಂಚಲುಗಳ ತೇವ ಆರಿಸುತ್ತದೆ. ತೇವ ನಿಲ್ಲದ ಕಡೆ ಬೂಷ್ಟು ರೋಗ ಕಡಿಮೆ ಎಂದು ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಣಿವೆಯ ಸೋಂದ್ರಿಯೊ ಪಟ್ಟಣದ ಸುತ್ತಲಿನ ಬಂಡೆಗಳಲ್ಲಿ ಪಾಪಾಸುಕಳ್ಳಿ ಬೆಳೆಯುತ್ತದೆ. ಕತ್ತೆತ್ತಿದರೆ ಹಿಮ ಹೊದ್ದ ಶಿಖರ ಕಾಣುತ್ತದೆ.

ಗೋಡೆಗಳಿಗೆ ಮರಳುತ್ತೇನೆ, ಏಕೆಂದರೆ ಅವು ಬರೀ ಮಣ್ಣು ತಡೆಯುವ ತಡೆಗೋಡೆಗಳಲ್ಲ. ಕಟ್ಟುವ ಕ್ರಮ ಹೀಗೆ. ದೊಡ್ಡ ಕಲ್ಲುಗಳು ಅಡಿಪಾಯಕ್ಕೆ. ಅದರ ಮೇಲೆ ಮುಖ ನೋಡಿ ಆರಿಸಿದ ಕಲ್ಲು, ಸುತ್ತಿಗೆಯಿಂದ ಅಷ್ಟಿಷ್ಟು ಕೆತ್ತಿ, ಎರಡು ಕಲ್ಲಿನ ಸಂದಿಯ ಮೇಲೆ ಮೂರನೆಯದು ಕೂರುವಂತೆ. ಗೋಡೆಯ ಬೆನ್ನಿಗೆ ಚೂರುಗಲ್ಲಿನ ದಪ್ಪ ಪದರ. ಇಡೀ ಗೋಡೆ ಬೆಟ್ಟದ ಕಡೆಗೆ ತುಸು ವಾಲಿರಬೇಕು. ಮಳೆ ಸುರಿದಾಗ ನೀರು ಚೂರುಗಲ್ಲಿನ ಮೂಲಕ ಇಳಿದು ಸಂದಿಗಳಿಂದ ಆಚೆ ಬರುತ್ತದೆ. ಸಿಮೆಂಟು ಮೆತ್ತಿದ ಗೋಡೆಯ ಹಿಂದೆ ನೀರು ಕಟ್ಟಿಕೊಳ್ಳುತ್ತದೆ, ಹೋಗಲು ದಾರಿಯಿಲ್ಲದೆ ಒಂದು ದಿನ ಗೋಡೆಯನ್ನೇ ತಳ್ಳಿಕೊಂಡು ಹೋಗುತ್ತದೆ. ಗಟ್ಟಿ ಎಂದುಕೊಂಡಿದ್ದು ಬೀಳುವುದು, ಸಡಿಲವಾಗಿ ಕಂಡದ್ದು ನಿಲ್ಲುವುದು ಇಲ್ಲಿನ ಎಂಜಿನಿಯರಿಂಗ್. ಇನ್ನೊಂದು ಉಪಕಾರವೂ ಉಂಟು. ಹಗಲೆಲ್ಲ ಬಿಸಿಲಲ್ಲಿ ಕಾದ ಕಲ್ಲು ರಾತ್ರಿ ಆ ಶಾಖವನ್ನು ನಿಧಾನವಾಗಿ ಬಳ್ಳಿಗಳಿಗೆ ಬಿಡುತ್ತದೆ. ತಡವಾಗಿ ಹಣ್ಣಾಗುವ ದ್ರಾಕ್ಷಿಗೆ ಈ ಎರವಲು ಶಾಖ ಬಲು ಮುಖ್ಯ.

ಆ ದ್ರಾಕ್ಷಿಯ ಹೆಸರು ನೆಬ್ಬಿಯೋಲೊ. ವಾಲ್ತೆಲ್ಲೀನದವರು ಅದನ್ನು ಕ್ಯಾವೆನ್ನಾಸ್ಕ ಎನ್ನುತ್ತಾರೆ. ಜಗತ್ತಿನ ಕಣ್ಣಲ್ಲಿ ನೆಬ್ಬಿಯೋಲೊ ಎಂದರೆ ಪಿಯೆಮೊಂತೆ ಪ್ರಾಂತದ ಬರೋಲೊ ಮತ್ತು ಬಾರ್ಬರೆಸ್ಕೊ. ಆಲ್ಪ್ಸ್‌ನ ಮಡಿಲಲ್ಲೂ ಅದೇ ತಳಿ ಶತಮಾನಗಳಿಂದ ಬೇರುಬಿಟ್ಟಿದೆ ಎಂಬುದು ವೈನು ಕುಡಿಯುವವರಲ್ಲೂ ಅನೇಕರಿಗೆ ಹೊಸ ಸುದ್ದಿ. ಡಿಎನ್‌ಎ ಪರೀಕ್ಷೆಗಳು ಈ ಕಣಿವೆಯ ರೊಸ್ಸೊಲಾ ಎಂಬ ಹಳೆಯ ತಳಿಗೂ ನೆಬ್ಬಿಯೋಲೊಗೂ ಹತ್ತಿರದ ರಕ್ತಸಂಬಂಧವಿದೆ ಎಂದು ತೋರಿಸಿದ ಮೇಲೆ, ಮೂಲ ಮನೆ ಯಾವುದು, ದತ್ತು ಮನೆ ಯಾವುದು ಎಂಬ ಜಗಳಕ್ಕೆ ಹೊಸ ಜೀವ ಬಂದಿದೆ. ಅದನ್ನು ಆ ಎರಡು ಊರಿನವರಿಗೇ ಬಿಡೋಣ.

ನೆಬ್ಬಿಯೋಲೊ ಹಟಮಾರಿ ದ್ರಾಕ್ಷಿ. ಚಿಗುರುವುದು ಬೇಗ, ಹಣ್ಣಾಗುವುದು ತಡ. ಕೊಯ್ಲು ಅಕ್ಟೋಬರಿಗೆ ಹೋಗುತ್ತದೆ. ಬಣ್ಣ ತೆಳು. ಲೋಟ ಎತ್ತಿ ನೋಡಿದರೆ ಆಚೆಗಿನ ಬೆರಳು ಕಾಣುವಷ್ಟು. ಕಣ್ಣಿಗೆ ಹೀಗೆ ಸೌಮ್ಯವಾಗಿ ಕಂಡದ್ದು ಬಾಯಿಗೆ ಹೋದಾಗ ಬೇರೆಯೇ ಆಗುತ್ತದೆ. ಒಗರು ಒಸಡನ್ನು ಹಿಡಿಯುತ್ತದೆ, ಹುಳಿ ನಾಲಗೆಯ ಅಂಚನ್ನು ಎಬ್ಬಿಸುತ್ತದೆ. ಹಿಂದಿನಿಂದ ಒಣಗಿದ ಗುಲಾಬಿ, ಹುಳಿ ಚೆರ್ರಿಯ ಪರಿಮಳ. ಬರೋಲೊದಲ್ಲಿ ಇದೇ ಗುಣಗಳು ಮೈ ತುಂಬಿಕೊಂಡು ಬರುತ್ತವೆ. ವಾಲ್ತೆಲ್ಲೀನದಲ್ಲಿ ಮೈ ತೆಳ್ಳಗೆ, ಹುಳಿ ಚುರುಕು, ಕೊನೆಯಲ್ಲಿ ಕಲ್ಲು ನೆಕ್ಕಿದಂಥ ಒಂದು ಒಣರುಚಿ. ಮರಳು ಮಿಶ್ರಿತ ತೆಳು ಮಣ್ಣು, ಬೆಟ್ಟದ ತಂಪು ರಾತ್ರಿ ಇದಕ್ಕೆ ಕಾರಣ. ಬರೋಲೊದ ಬಡ ನೆಂಟ ಎಂದು ಇದನ್ನು ಕರೆಯುವವರಿದ್ದಾರೆ. ನನಗೆ ಆ ಹೋಲಿಕೆ ಒಪ್ಪಿಗೆಯಿಲ್ಲ. ಗಟ್ಟಿ ದನಿಯವರೇ ಒಳ್ಳೆಯ ಹಾಡುಗಾರರು ಎಂದು ನಂಬುವವರ ಮಾತದು.

ಕಾನೂನಿನ ಲೆಕ್ಕದಲ್ಲಿ ಇಲ್ಲಿನ ಕೆಂಪು ವೈನಿಗೆ ಮೂರು ಮೆಟ್ಟಿಲು. ಕೆಳಗಿನದು ರೊಸ್ಸೊ ದಿ ವಾಲ್ತೆಲ್ಲೀನ, ಬೇಗ ಕುಡಿಯುವಂಥದ್ದು. ಅದರ ಮೇಲೆ ವಾಲ್ತೆಲ್ಲೀನ ಸುಪೀರಿಯೊರೆ. 1998ರಲ್ಲಿ ಇಟಲಿಯ ಅತ್ಯುನ್ನತ ದರ್ಜೆಯಾದ ಡಿಒಸಿಜಿ ಇದಕ್ಕೆ ಸಿಕ್ಕಿತು. ಶೇ. 90ರಷ್ಟಾದರೂ ನೆಬ್ಬಿಯೋಲೊ ಇರಬೇಕು. ಎರಡು ವರ್ಷ ಮಾಗಬೇಕು, ಅದರಲ್ಲಿ ಒಂದು ವರ್ಷ ಮರದ ಪೀಪಾಯಿಯಲ್ಲಿ. ಸುಪೀರಿಯೊರೆಯೊಳಗೆ ಐದು ಹೆಸರಿಸಿದ ತುಂಡು ನೆಲಗಳಿವೆ: ಮರೋಜ್ಜ, ಸಸ್ಸೆಲ್ಲ, ಗ್ರುಮೆಲ್ಲೊ, ಇನ್ಫೆರ್ನೊ, ವಾಲ್ಜೆಲ್ಲ. ಮರೋಜ್ಜ ತೀರ ಚಿಕ್ಕದು, 25 ಹೆಕ್ಟೇರ್ ಆಸುಪಾಸು. ವಾಲ್ಜೆಲ್ಲ ಎಲ್ಲಕ್ಕಿಂತ ದೊಡ್ಡದು, ಮೃದುವಾದದ್ದು. ಗ್ರುಮೆಲ್ಲೊ ತೋಟಗಳ ನಡುವೆ ಹಳೆಯ ಕೋಟೆಯ ಅವಶೇಷವಿದೆ. ಇನ್ಫೆರ್ನೊದಲ್ಲಿ ಕಟ್ಟೆಗಳು ಕಿರಿದು, ಕಲ್ಲು ಹೆಚ್ಚು, ಬೇಸಿಗೆಯ ಝಳ ಹೆಸರಿಗೆ ತಕ್ಕಂತೆ ನರಕವೇ. ಸೋಂದ್ರಿಯೊದ ಪಶ್ಚಿಮಕ್ಕಿರುವ ಸಸ್ಸೆಲ್ಲ ಅತ್ಯಂತ ಕಡಿದಾದದ್ದು, ಅತಿ ಹೆಚ್ಚು ಹೊಗಳಿಕೆ ಪಡೆದದ್ದು. ಅಲ್ಲಿನ ವೈನು ಹತ್ತು, ಹದಿನೈದು ವರ್ಷ ಬಾಳುತ್ತದೆ. ಒಂದೇ ಹೆಸರು ಆರಿಸು ಎಂದರೆ ನಾನೂ ಅದನ್ನೇ ಆರಿಸುವವನು.

ಮೂರನೆಯ ಮೆಟ್ಟಿಲು ಸ್ಫೊರ್ಸಾತೊ. ಊರ ಮಾತಿನಲ್ಲಿ ಸ್ಫುರ್ಸಾತ್. ಇದು ಒಣಗಿಸಿದ ದ್ರಾಕ್ಷಿಯ ವೈನು. ವಿಜಯಪುರ, ತಿಕೋಟಾ ಕಡೆಯಲ್ಲಿ ಶೆಡ್ಡಿನ ನೆರಳಲ್ಲಿ ಬಲೆ ಕಟ್ಟಿ ಒಣದ್ರಾಕ್ಷಿ ಮಾಡುವುದನ್ನು ಕಂಡವರಿಗೆ ಈ ದೃಶ್ಯ ಹೊಸದೆನಿಸದು. ನಮ್ಮವರು ಗೊಂಚಲನ್ನು ದ್ರಾವಣದಲ್ಲಿ ಅದ್ದಿ ಸಿಪ್ಪೆ ಸಡಿಲಿಸಿ ಎರಡು ಮೂರು ವಾರಗಳಲ್ಲಿ ಕೆಲಸ ಮುಗಿಸುತ್ತಾರೆ. ವಾಲ್ತೆಲ್ಲೀನದಲ್ಲಿ ಅದ್ದುವುದಿಲ್ಲ, ಪೂರ್ತಿ ಒಣಗಿಸುವುದೂ ಇಲ್ಲ. ಆರಿಸಿದ ಗೊಂಚಲುಗಳನ್ನು ಗಾಳಿಯಾಡುವ ಅಟ್ಟದಲ್ಲಿ ಒಂದೇ ಪದರವಾಗಿ ಹರವಿ, ಡಿಸೆಂಬರ್ ಒಂದಕ್ಕೆ ಮೊದಲು ಹಿಂಡಬಾರದೆಂಬ ನಿಯಮಕ್ಕೆ ಕಾದು ಕೂರುತ್ತಾರೆ. ಕಾಯಿಯ ತೂಕದಲ್ಲಿ ಮೂರನೇ ಒಂದು ಭಾಗದಷ್ಟು, ಒಮ್ಮೊಮ್ಮೆ ಅದಕ್ಕೂ ಹೆಚ್ಚು ನೀರಾಗಿ ಆರಿಹೋಗುತ್ತದೆ. ಉಳಿದದ್ದರಲ್ಲಿ ಸಕ್ಕರೆ ಗಾಢವಾಗುತ್ತದೆ. ಆ ಸಕ್ಕರೆಯನ್ನೆಲ್ಲ ಹುದುಗು ತಿಂದು ಮುಗಿಸುವುದರಿಂದ ವೈನು ಸಿಹಿಯಾಗುವುದಿಲ್ಲ, ಖಡಕ್ಕಾಗುತ್ತದೆ. ಆಲ್ಕೊಹಾಲ್ ಕನಿಷ್ಠ ಶೇ. 14 ಇರಲೇಬೇಕು. ಇದೇ ವಿಧಾನದ ಅಮರೋನೆ ಎಂಬ ಇಟಲಿಯದೇ ವೈನಿಗೆ ಜಗತ್ತಿನಾದ್ಯಂತ ಅಭಿಮಾನಿಗಳಿದ್ದಾರೆ. ಆದರೆ ಒಣಗಿಸಿದ ದ್ರಾಕ್ಷಿಯ ಸಿಹಿಯಿಲ್ಲದ ಕೆಂಪು ವೈನಿಗೆ ಇಟಲಿಯಲ್ಲಿ ಮೊದಲ ಡಿಒಸಿಜಿ ದಕ್ಕಿದ್ದು 2003ರಲ್ಲಿ, ಸ್ಫೊರ್ಸಾತೊಗೆ. ಅಮರೋನೆಗಿಂತ ವರ್ಷಗಳ ಮುಂಚೆ.

ಇಷ್ಟೆಲ್ಲ ಇದ್ದೂ ಹೆಸರು ಏಕೆ ಹರಡಲಿಲ್ಲ? ಉತ್ತರಕ್ಕೆ ಗಡಿಯಾಚೆ ನೋಡಬೇಕು. 1512ರಿಂದ 1797ರವರೆಗೆ, ಮುನ್ನೂರು ವರ್ಷಕ್ಕೆ ಸ್ವಲ್ಪ ಕಡಿಮೆ, ಈ ಕಣಿವೆಯನ್ನು ಆಳಿದವರು ಆಲ್ಪ್ಸ್‌ನ ಆ ಬದಿಯ ಗ್ರಿಸನ್ಸ್ ಒಕ್ಕೂಟದವರು. ಇಂದಿನ ಸ್ವಿಟ್ಜರ್ಲೆಂಡಿನ ಗ್ರೌಬುಂಡೆನ್ ಪ್ರಾಂತ ಅದು. ಆಳುವವರ ಚಳಿನಾಡಿನಲ್ಲಿ ಒಳ್ಳೆಯ ಕೆಂಪು ವೈನಿಗೆ ಜಾಗ ಕಡಿಮೆ, ಬಾಯಾರಿಕೆ ಹೆಚ್ಚು. ಹೇಸರಗತ್ತೆ, ಕುದುರೆಗಳ ಮೇಲೆ ಪೀಪಾಯಿ ಹೇರಿ ಬರ್ನೀನಾ ಕಣಿವೆದಾರಿಯಲ್ಲಿ ವೈನು ಉತ್ತರಕ್ಕೆ ಹತ್ತುತ್ತಿತ್ತು. ಆ ಆಳ್ವಿಕೆ ಸುಖದ್ದೇನೂ ಆಗಿರಲಿಲ್ಲ. ಆಳುವವರಲ್ಲಿ ಬಹಳ ಮಂದಿ ಪ್ರಾಟೆಸ್ಟಂಟರು, ಕಣಿವೆಯವರು ಬಹುಪಾಲು ಕ್ಯಾಥೊಲಿಕರು. 1620ರ ಜುಲೈನಲ್ಲಿ ಕ್ಯಾಥೊಲಿಕರು ದಂಗೆಯೆದ್ದು ನೂರಾರು ಪ್ರಾಟೆಸ್ಟಂಟರನ್ನು ಕೊಂದರು. ಮಿಲಾನಿನಿಂದ ಆಸ್ಟ್ರಿಯಾದತ್ತ ಸೈನ್ಯ ಸಾಗಿಸಲು ಸ್ಪೇನಿಗೆ ಈ ಕಣಿವೆಯೇ ದಾರಿಯಾದ್ದರಿಂದ, ಯುರೋಪಿನ ಮೂವತ್ತು ವರ್ಷಗಳ ಯುದ್ಧ ಈ ದ್ರಾಕ್ಷಿ ತೋಟಗಳ ಕೆಳಗೇ ಬಂದು ಬೀಡುಬಿಟ್ಟಿತು. 1639ರಲ್ಲಿ ಕಣಿವೆ ಮತ್ತೆ ಗ್ರಿಸನ್ಸ್ ಕೈಗೆ. ಕೊನೆಗೆ ನೆಪೋಲಿಯನ್ ಬಂದು ಇದನ್ನು ಇಟಲಿಯ ಕಡೆಗೆ ಸೇರಿಸಿದ. 1815ರಲ್ಲಿ ವಿಯೆನ್ನಾ ಸಮ್ಮೇಳನದವರು ಲೊಂಬಾರ್ಡಿಯ ಜೊತೆ ಆಸ್ಟ್ರಿಯಾಗೆ ಕೊಟ್ಟರು.

ಬಾವುಟ ಬದಲಾದರೂ ಗಿರಾಕಿ ಬದಲಾಗಲಿಲ್ಲ. ಸ್ವಿಸ್ ಊಟದ ಮನೆಗಳಲ್ಲಿ ಫೆಲ್ಟ್‌ಲೀನರ್ ಎಂಬ ಹೆಸರಿನಲ್ಲಿ ಈ ವೈನು ನಿತ್ಯದ ಮಾತಾಯಿತು. ಗಡಿಯಾಚೆಯ ಪೊಸ್ಕ್ಯಾವೊ ಕಣಿವೆಯ ಸ್ವಿಸ್ ಕುಟುಂಬಗಳು ಗಡಿಯ ಈ ಬದಿ ತೋಟ ಕೊಂಡು ವೈನು ಮಾಡಿದವು, ಇಂದಿಗೂ ಮಾಡುತ್ತಿವೆ. ಇಪ್ಪತ್ತನೇ ಶತಮಾನದಲ್ಲಿ ಬಹಳಷ್ಟು ವೈನು ಬಾಟಲಿಗೇ ಇಳಿಯದೆ ಸಗಟಾಗಿ ಗಡಿ ದಾಟುತ್ತಿತ್ತು. ಪಕ್ಕದ ಮನೆಯ ಈ ಖಾಯಂ ಗಿರಾಕಿಯಿಂದ ಕಣಿವೆಗೆ ಆದ ಲಾಭ ಸಣ್ಣದಲ್ಲ. ಬೇರೆ ಕಡೆ ಇಂಥ ಕಡಿದಾದ ತೋಟಗಳನ್ನು ಜನ ಕೈಬಿಟ್ಟು ಹೋದಾಗ ಇಲ್ಲಿ ಗೋಡೆ ನಿಂತದ್ದು ಆ ದುಡ್ಡಿನಿಂದ. ಆದರೆ ಅದೇ ಗಿರಾಕಿ ಬೆಳೆಗಾರನನ್ನು ಮೈಮರೆಸಿದ್ದೂ ಹೌದು. ಕೊಳ್ಳುವವನು ಮನೆ ಬಾಗಿಲಿಗೆ ಬರುವಾಗ ಲಂಡನ್ನಿಗೆ, ನ್ಯೂಯಾರ್ಕಿಗೆ ಹೋಗಿ ಹೆಸರು ಮಾಡುವ ಗೋಜು ಯಾರಿಗೆ ಬೇಕು? ಪಿಯೆಮೊಂತೆಯವರು ಅದನ್ನು ಮಾಡಿದರು. ಇವರು ಮಾಡಲಿಲ್ಲ.

ನಡುವೆ ಬಂದ ಪೆಟ್ಟುಗಳೂ ಹಲವು. ಹತ್ತೊಂಬತ್ತನೇ ಶತಮಾನದ ಮಧ್ಯದಲ್ಲಿ ಬೂದಿ ರೋಗ ಬಳ್ಳಿಗಳನ್ನು ತಿಂದಿತು, ಆಮೇಲೆ ಬೇರಿನ ರಸ ಹೀರುವ ಫಿಲೊಕ್ಸೆರಾ ಕೀಟ. ಜನ ಆಸ್ಟ್ರೇಲಿಯಾದವರೆಗೂ ವಲಸೆ ಹೋದರು. ಯುದ್ಧಾನಂತರ ಕಾರ್ಖಾನೆ, ಪ್ರವಾಸೋದ್ಯಮಗಳು ಉಳಿದವರನ್ನು ಬೆಟ್ಟದಿಂದ ಇಳಿಸಿದವು. ಒಂದು ಕಾಲಕ್ಕೆ ಸಾವಿರಾರು ಹೆಕ್ಟೇರ್ ಇದ್ದ ದ್ರಾಕ್ಷಿ ಇಂದು 850 ಹೆಕ್ಟೇರ್ ಆಸುಪಾಸಿಗೆ ಇಳಿದಿದೆ. ಉಳಿದ ಕಡೆ ಗೋಡೆಗಳ ನಡುವೆ ಕಾಡು ಬೆಳೆದಿದೆ. ಪಾಳು ಬಿದ್ದ ಗೋಡೆ ಕುಸಿದರೆ ನಷ್ಟ ಅದರ ಒಡೆಯನಿಗೆ ಮಾತ್ರವಲ್ಲ; ಮೇಲಿನ ಮೆಟ್ಟಿಲು ಕೆಳಗಿನದರ ತಲೆಗೆ, ಅದು ಊರಿನ ತಲೆಗೆ. ಈ ಕಣಿವೆಗೆ ಜಾರುವ ಬೆಟ್ಟದ ಭಯ ಗೊತ್ತಿದೆ. 1987ರ ಜುಲೈನಲ್ಲಿ ದಿನಗಟ್ಟಲೆ ಮಳೆ ಸುರಿದು ಅದ್ದಾ ಉಕ್ಕಿತು. ಅದೇ ತಿಂಗಳ 28ರಂದು ಮೇಲು ಕಣಿವೆಯ ವಾಲ್ ಪೋಲದಲ್ಲಿ ಬೆಟ್ಟದ ಒಂದು ಮಗ್ಗುಲೇ ಕಳಚಿ ಬಿತ್ತು. ಆ ತಿಂಗಳ ನೆರೆ, ಕುಸಿತಗಳಲ್ಲಿ ಒಟ್ಟು ಐವತ್ತಕ್ಕೂ ಹೆಚ್ಚು ಜನ ಸತ್ತರು. ವಾಲ್ ಪೋಲ ದ್ರಾಕ್ಷಿ ಬೆಳೆಯುವ ಜಾಗವಲ್ಲ, ನಿಜ. ಆದರೂ ಅಂದಿನಿಂದ ಗೋಡೆ ರಿಪೇರಿ ಎಂದರೆ ಬರೀ ತೋಟದ ಖರ್ಚು ಎಂದು ಹಗುರವಾಗಿ ಹೇಳುವುದು ಕಷ್ಟ.

ಆ ಖರ್ಚಿನ ಒಂದು ಅಂದಾಜು ಬೇಕಾದರೆ ಗಂಟೆಗಳನ್ನು ಎಣಿಸಬೇಕು. ಯಂತ್ರ ಓಡಾಡುವ ಬಯಲು ತೋಟದಲ್ಲಿ ಒಂದು ಹೆಕ್ಟೇರಿಗೆ ವರ್ಷಕ್ಕೆ ಕೆಲವು ನೂರು ಗಂಟೆ ಕೆಲಸ ಸಾಕು. ಇಲ್ಲಿ ಸಾವಿರ ಗಂಟೆ ದಾಟುತ್ತದೆ. ಟ್ರ್ಯಾಕ್ಟರ್ ಬರುವಂತಿಲ್ಲ. ಬಳ್ಳಿ ಸವರುವುದು, ಕಟ್ಟುವುದು, ಎಲೆ ತೆಗೆಯುವುದು, ಕೊಯ್ಲು ಎಲ್ಲವೂ ಕೈಯಿಂದಲೇ, ಕಲ್ಲಿನ ಮೆಟ್ಟಿಲು ಹತ್ತಿ ಇಳಿದೇ. ಕೆಲವು ಕಡೆ ಒಂಟಿ ಹಳಿಯ ಪುಟ್ಟ ಬಂಡಿ ಹಾಕಿಸಿದ್ದಾರೆ. ದೊಡ್ಡ ಕಂಪನಿಗಳು ಕೊಯ್ಲಿನ ದಿನ ಹೆಲಿಕಾಪ್ಟರ್ ಬಾಡಿಗೆ ಪಡೆದು ದ್ರಾಕ್ಷಿಯ ಕ್ರೇಟುಗಳನ್ನು ಕೆಳಗಿಳಿಸುತ್ತವೆ. ದುಂದು ಎನಿಸಬಹುದು. ಬುಟ್ಟಿ ಹೊತ್ತು ಸಾವಿರ ಮೆಟ್ಟಿಲು ಇಳಿಯುವ ಆಳು ಸಿಗದಿದ್ದರೆ ಹೆಲಿಕಾಪ್ಟರೇ ಅಗ್ಗ. ಹಿಡುವಳಿಗಳೋ, ಪಾಲಾಗಿ ಪಾಲಾಗಿ ಸೆರಗಿನಷ್ಟಾಗಿವೆ. ಅನೇಕರು ವಾರವೆಲ್ಲ ಬೇರೆ ನೌಕರಿ ಮಾಡಿ ಶನಿವಾರ ಭಾನುವಾರ ಅಜ್ಜನ ತುಂಡು ತೋಟಕ್ಕೆ ಹತ್ತುತ್ತಾರೆ.

ಇಂಥ ಕೃಷಿಗೆ ಇಟಲಿಯವರು ‘ವೀರ ದ್ರಾಕ್ಷಿಕೃಷಿ’ ಎಂಬ ಬಿರುದು ಕೊಟ್ಟಿದ್ದಾರೆ. ಆವೊಸ್ತಾ ಎಂಬ ಇನ್ನೊಂದು ಕಣಿವೆಯಲ್ಲಿ 1987ರಿಂದ ಇರುವ ಚೆರ್ವಿಮ್ ಎಂಬ ಸಂಸ್ಥೆ ಅದಕ್ಕೆ ಅಳತೆಗೋಲನ್ನೂ ಇಟ್ಟಿದೆ: ಇಳಿಜಾರು ಶೇ. 30 ಮೀರಿರಬೇಕು, ಇಲ್ಲವೇ ಎತ್ತರ 500 ಮೀಟರ್ ದಾಟಿರಬೇಕು, ಇಲ್ಲವೇ ಮೆಟ್ಟಿಲು ತೋಟವಾಗಿರಬೇಕು, ಇಲ್ಲವೇ ಸಣ್ಣ ದ್ವೀಪವಾಗಿರಬೇಕು. 2018ರಲ್ಲಿ ಯುನೆಸ್ಕೊ ಗಾರೆಯಿಲ್ಲದ ಗೋಡೆ ಕಟ್ಟುವ ಕಲೆಯನ್ನು ಇಟಲಿ, ಸ್ವಿಟ್ಜರ್ಲೆಂಡ್ ಸೇರಿ ಎಂಟು ದೇಶಗಳ ಹೆಸರಿನಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷವೇ. ಆದರೆ ವೀರ ಎಂಬ ಮಾತು ನನಗೆ ತುಸು ಇರಿಸುಮುರಿಸು ತರುತ್ತದೆ. ವೀರನಿಗೆ ಕೂಲಿ ಕೇಳುವ ಹಕ್ಕಿರುವುದಿಲ್ಲ. ಯುನೆಸ್ಕೊ ಪಟ್ಟಿಗೆ ಸೇರಿದ್ದು ಕಟ್ಟುವ ವಿದ್ಯೆ. ಕುಸಿದ ಗೋಡೆಯನ್ನು ಮತ್ತೆ ಎಬ್ಬಿಸುವ ಖರ್ಚು ಅದರೊಂದಿಗೆ ಬರುವುದಿಲ್ಲ. ಆ ವಿದ್ಯೆ ಬಲ್ಲ ಕೈಗಳೋ ಮುದಿಯಾಗುತ್ತಿವೆ. ಖರ್ಚು ಹುಟ್ಟಬೇಕಾದದ್ದು ಬಾಟಲಿಯ ಬೆಲೆಯಿಂದ, ಅದು ಏರಬೇಕಾದರೆ ವೈನು ಒಳ್ಳೆಯದಿರಬೇಕು.

ಒಳ್ಳೆಯದಾಗುವ ಕೆಲಸ 1980ರ ದಶಕದಲ್ಲಿ ಜೋರಾಯಿತು. 1897ರಲ್ಲಿ ಶುರುವಾದ, ಕಿಯೂರೊ ಊರಿನ ಹಳೆಯ ಅರಮನೆಯೊಂದರಲ್ಲಿ ನೆಲಮಾಳಿಗೆ ಇಟ್ಟುಕೊಂಡಿರುವ ನೀನೊ ನೇಗ್ರಿ ಕಂಪನಿಯಲ್ಲಿ ಕಸಿಮಿರೊ ಮಾವುಲೆ ಎಂಬ ವೈನ್ ತಜ್ಞರು ಆರಿಸಿ ಒಣಗಿಸಿದ ದ್ರಾಕ್ಷಿಯಿಂದ ‘ಚಿಂಕ್ವೆ ಸ್ತೆಲ್ಲೆ’ ಎಂಬ ಸ್ಫುರ್ಸಾತ್ ಮಾಡಿ, ಕಣಿವೆಯ ವೈನು ದೇಶದ ದೊಡ್ಡ ವೈನುಗಳ ಪಕ್ಕ ನಿಲ್ಲಬಲ್ಲದೆಂದು ತೋರಿಸಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅರ್ತೂರೊ ಪೆಲಿತ್ಸಾತ್ತಿ ಪೆರೇಗೊ ಕುಟುಂಬದ ಕೈತಪ್ಪಿದ್ದ ಕಸುಬನ್ನು ಮತ್ತೆ ಹಿಡಿದು ಆರ್‌ಪೆಪೆ ಕಟ್ಟಿದರು. ಅವರದು ತಿರುವುಮುರುವಿನ ದಾರಿ. ಉಳಿದವರೆಲ್ಲ ಫ್ರಾನ್ಸಿನ ಸಣ್ಣ ಓಕ್ ಪೀಪಾಯಿಗಳ ಹಿಂದೆ ಬಿದ್ದಾಗ ಇವರು ದೊಡ್ಡ ಪೀಪಾಯಿಗಳಲ್ಲಿ ವರ್ಷಗಟ್ಟಲೆ ವೈನನ್ನು ಸುಮ್ಮನೆ ಬಿಟ್ಟರು. ವರ್ಷ ಚೆನ್ನಾಗಿಲ್ಲದಿದ್ದರೆ ಹೆಚ್ಚು ಕಾಲ ಮಾಗಿಸುವ ದುಬಾರಿ ರಿಸೆರ್ವಾ ವೈನು ಮಾಡಲೇ ಇಲ್ಲ. ಆ ತಾಳ್ಮೆಯ ಹಾದಿಯನ್ನು ಇಂದು ಅವರ ಮಕ್ಕಳು ಮುಂದುವರಿಸಿದ್ದಾರೆ. ಎರಡರಲ್ಲಿ ನನ್ನ ಒಲವು ಎರಡನೆಯದರ ಕಡೆಗೆ. ಮೊದಲನೆಯದರ ಗತ್ತಿಗೆ ಮಣಿಯುವವರನ್ನೂ ತಪ್ಪೆನ್ನಲಾರೆ.

ವಾಲ್ತೆಲ್ಲೀನಕ್ಕೆ ಹೋಗುವವರು ಬಹುತೇಕ ತಿರಾನೊ ಊರಿನಲ್ಲೇ ಇಳಿಯುತ್ತಾರೆ. 1910ರಲ್ಲಿ ಪೂರ್ಣಗೊಂಡ ಬರ್ನೀನಾ ರೈಲು, ಈಗ ಅದೂ ಯುನೆಸ್ಕೊ ಪಟ್ಟಿಯದು, 2,253 ಮೀಟರ್ ಎತ್ತರದ ಹಿಮ ದಾಟಿ ಸ್ವಿಟ್ಜರ್ಲೆಂಡಿನಿಂದ ಇಲ್ಲಿಗೆ ಇಳಿಯುತ್ತದೆ. ಕೆಂಪು ಡಬ್ಬಿಯ ಕಿಟಕಿಯಿಂದ ಫೋಟೊ ತೆಗೆದು ಸಂಜೆಗೆ ಮರಳುವವರೇ ಹೆಚ್ಚು. ಒಂದು ರಾತ್ರಿ ನಿಂತರೆ ಊಟ ಸಿಕ್ಕೀತು. ಇಲ್ಲಿನ ಹೆಸರಾಂತ ತಿನಿಸು ಪಿತ್ಸೊಕ್ಕೆರಿ: ಉತ್ತರ ಭಾರತದವರು ಉಪವಾಸಕ್ಕೆ ಬಳಸುವ ಕುಟ್ಟು ಹಿಟ್ಟಿನ ಅಗಲ ಪಟ್ಟಿಗಳನ್ನು ಆಲೂಗಡ್ಡೆ, ಎಲೆಕೋಸಿನ ಜೊತೆ ಬೇಯಿಸಿ, ಕಸೇರ ಎಂಬ ಗಿಣ್ಣು (ಚೀಸ್) ಹರಡಿ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಬೆಣ್ಣೆ ಸುರಿಯುವುದು. ಸಸ್ಯಾಹಾರಿಗೂ ನಡೆಯುತ್ತದೆ, ಗಿಣ್ಣಿಗೆ ಬಳಸುವ ಹೆಪ್ಪಿನ ಬಗ್ಗೆ ತೀರಾ ಕಟ್ಟುನಿಟ್ಟು ಇಲ್ಲದಿದ್ದರೆ. ಇಷ್ಟೊಂದು ಬೆಣ್ಣೆಯ ಎದುರು ಒಗರು, ಹುಳಿಯ ತೆಳು ವೈನು ಏಕೆ ಬೇಕು ಎಂಬುದು ಎರಡನೇ ತುತ್ತಿಗೆ ತಾನಾಗಿ ಗೊತ್ತಾಗುತ್ತದೆ. ಸ್ಫುರ್ಸಾತನ್ನು ಊಟದ ನಡುವೆ ಸುರಿದುಕೊಳ್ಳುವುದು ಬೇಡ, ಅದು ಪಿತ್ಸೊಕ್ಕೆರಿಯ ಬಾಯಿ ಮುಚ್ಚಿಸುತ್ತದೆ. ಎದುರು ಬೆಟ್ಟದ ಹುಲ್ಲುಗಾವಲಿನಿಂದ ಬಂದ, ವರ್ಷಗಟ್ಟಲೆ ಮಾಗಿದ ಬಿತ್ತೊ ಗಿಣ್ಣಿನ ಚೂರಿನ ಜೊತೆ ಕೊನೆಗೆ ಕೇಳಿ. ಬೆಂಗಳೂರಿನ ಅಂಗಡಿಗಳಲ್ಲಿ ಬರೋಲೊ ಹುಡುಕುವುದಕ್ಕಿಂತ ಇದನ್ನು ಹುಡುಕುವುದು ಕಷ್ಟದ ಕೆಲಸ. ಲೇಬಲ್ಲಿನ ಮೇಲೆ ಸಸ್ಸೆಲ್ಲ ಎಂದು ಕಂಡರೆ ಬಿಡಬೇಡಿ.